ಕೆರೆ ಅಂಗಳದ ಖಾತೆದಾರರು

ಬೇಸಿಗೆಯಲ್ಲಿ ನಮ್ಮೂರ ಕೆರೆ ಹಿಂದೆ ಸರಿದಾಗ ಬಯಲಾಗುವ ಕೆಸರುಪಟ್ಟಿ ಯಾರದು ಎಂಬ ಜಗಳ ಹಳೆಯದು. ಸೌತೆ ಬೀಜ ಊರಿದವನು ತನ್ನದೆನ್ನುತ್ತಾನೆ. ದನ ಮೇಯಿಸುವವನು ಗೋಮಾಳವೆನ್ನುತ್ತಾನೆ. ಮೊನ್ನೆ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಗ ಅಸಲಿ ಅನುಭವದಾರ ಕಣ್ಣಿಗೆ ಬಿದ್ದ. ಎಳ್ಳಿಗಿಂತ ತುಸು ದೊಡ್ಡದು, ಕೆಸರಿನದೇ ಬಣ್ಣ, ತಲೆಗೆ ಮೀರಿದ ಕಣ್ಣು. ಬೆರಳು ಚಾಚಿದೆ, ಚಂಗನೆ ನೆಗೆದು, ಗೇಣುದ್ದ ಹಾರಿ, ಮತ್ತೆ ಕೆಸರಿನಲ್ಲಿ ಕೆಸರಾಯಿತು. ಅರ್ಧ ಗಂಟೆ ಹೆಣಗಿದರೂ ಒಂದನ್ನೂ ಹಿಡಿಯಲಾಗಲಿಲ್ಲ. ನನ್ನ ಮೊಣಕಾಲು ಮಾತ್ರ ಹಿಡಿದುಕೊಂಡಿತು.

ಊರಲ್ಲಿ ಹೆಸರು ಕೇಳಿದರೆ ‘ಎಂಥದೋ ಹುಳ’ ಎಂದರು. ನಾನು ದಡದ ತಿಗಣೆ ಎನ್ನುತ್ತೇನೆ. ಇದರಲ್ಲಿ ಅವಮಾನವೇನಿಲ್ಲ. ಇದರ ಯುರೋಪಿನ ದಾಯಾದಿಯನ್ನು 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಸೇರಿಸಿದ್ದು ‘ಸೈಮೆಕ್ಸ್’ಗೆ, ಅಂದರೆ ಮಂಚದ ತಿಗಣೆಯ ಕುಲಕ್ಕೇ! ಕುಣಿಯುವುದು ಎಂಬ ಅರ್ಥ ಬರುವಂತೆ ‘ಸಾಲ್ಟೇಟೋರಿಯಸ್’ ಎಂಬ ಬಿರುದನ್ನೂ ಕೊಟ್ಟ. ಚುಚ್ಚಿ ಹೀರುವ ಮೂತಿ ಇಬ್ಬರಿಗೂ ಇದೆ ಎಂಬುದು ನಿಜ. ಆದರೆ ಇದಕ್ಕೆ ನಮ್ಮ ರಕ್ತ ಬೇಡ. ಕೆಸರಲ್ಲಿ ಅಡಗಿದ ಮರಿಹುಳಕ್ಕೆ ಮೂತಿ ಚುಚ್ಚಿ, ಜೊಲ್ಲು ಇಳಿಸಿ, ಒಳಗಿನದನ್ನು ಅಂಬಲಿ ಮಾಡಿಕೊಂಡು ಹೀರುತ್ತದೆ.

ಖಾತೆಯ ರಗಳೆ ಶುರುವಾದದ್ದು ಆಮೇಲೆ. 1833ರಲ್ಲಿ ಫ್ರಾನ್ಸಿನ ಕೀಟತಜ್ಞ ಲಿಯೋನ್ ಡ್ಯೂಫೂರ್ ತಿಗಣೆ ಬಳಗಕ್ಕೆ ಮೂರು ಮನೆ ಮಾಡಿದ: ನೀರೊಳಗಿನವು, ನೀರಿನ ಮೇಲೆ ಓಡಾಡುವವು, ನೆಲದವು. ಅಚ್ಚುಕಟ್ಟಾದ ಪಾಲುಪಟ್ಟಿ. ಆದರೆ ಒಂದು ಕಾಲು ಒದ್ದೆ, ಒಂದು ಕಾಲು ಒಣಗಿದವರಿಗೆ ಬೇರೆ ಕೋಣೆಯೇ ಇಲ್ಲ. ಕೊನೆಗೆ 1971ರಲ್ಲಿ ರಷ್ಯದ ಪಪೋವ್, ದಡದವರಿಗೆಂದು ‘ಲೆಪ್ಟೊಪೊಡೊಮಾರ್ಫ’ ಎಂಬ ಮನೆ ಕಟ್ಟಿಕೊಟ್ಟ. ಹುಳಕ್ಕಿಂತ ಹೆಸರೇ ಉದ್ದ.

ಇದರ ಪಹಣಿ ಬರೆದಿರುವುದು ರೆಕ್ಕೆಯ ಮೇಲೆ. ಮುಂದಿನ ರೆಕ್ಕೆಯ ತೆಳುಭಾಗದಲ್ಲಿ ಬದು ಹಾಕಿದ ಗದ್ದೆಗಳಂತೆ ನಾಲ್ಕೋ ಐದೋ ಉದ್ದನೆಯ ಕೋಣೆಗಳು ಪಕ್ಕಪಕ್ಕದಲ್ಲಿರುತ್ತವೆ. ಅಷ್ಟಿದ್ದರೆ ‘ಸಾಲ್ಡಿಡೇ’ ಕುಟುಂಬ, 300ಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ವಂಶ. ಶ್ಯಾನುಭೋಗರು ಗದ್ದೆ ಎಣಿಸಿದಂತೆ ಭೂತಗನ್ನಡಿ ಹಿಡಿದು ಎಣಿಸಬೇಕು. ಬ್ರಿಟನ್, ಫ್ರಾನ್ಸಿನ ಕಡಲಂಚಿನ ಕಲ್ಲುಸಂದಿಯಲ್ಲಿ, ಉಬ್ಬರ ಬಂದಾಗ ನೀರಲ್ಲೇ ಮುಳುಗಿ ಕೂರುವ ‘ಈಪೋಫಿಲಸ್’ ಎಂಬ ಇನ್ನೊಂದಿದೆ. ರೆಕ್ಕೆ ಮೊಟಕಾಗಿ ಗದ್ದೆಯೇ ಉಳಿದಿಲ್ಲ. ಇಡೀ ಕುಟುಂಬಕ್ಕೆ ಅದೊಂದೇ ಪ್ರಭೇದ. ಒಂಟಿ ಮನೆಯ ಕುಳ.

ನನಗೆ ಹೆಚ್ಚು ಮೋಜೆನಿಸಿದ್ದು ಕಪ್ಪೆ ತಿಗಣೆ. ಅದೂ ದಡದಲ್ಲೇ ಇದ್ದು, ನೆಗೆದೇ ಬೇಟೆಯಾಡುತ್ತದೆ. ಉಬ್ಬುಗಣ್ಣು, ಕುಳ್ಳು ದೇಹ, ಥೇಟು ಮರಿಗಪ್ಪೆ. ಆದರೆ ಮೀಸೆ ಚಿಕ್ಕದು, ಕಣ್ಣಿನ ಕೆಳಗೆ ಅಡಗಿಸಿಟ್ಟುಕೊಂಡಿದೆ. ಆ ಒಂದು ಗುರುತು ಸಾಕು, ಅದರ ಖಾತೆ ನೀರೊಳಗಿನ ನೀರುಚೇಳಿನ ಮನೆಗೆ ಹೋಗುತ್ತದೆ. ದಡದ ತಿಗಣೆಯ ಮೀಸೆಯೋ ನೀಳ, ಎದ್ದು ಕಾಣುವಂಥದ್ದು. ಅಕ್ಕಪಕ್ಕದಲ್ಲೇ ಬದುಕಿದರೂ ನೆಂಟಸ್ತಿಕೆ ದೂರದ್ದು. ವಾಸಸ್ಥಳದ ದೃಢೀಕರಣ ಪತ್ರ ಇಲ್ಲಿ ನಡೆಯುವುದಿಲ್ಲ.

ಕಳೆದ ವಾರ ಮೊದಲ ಮಳೆ ಬಿತ್ತು. ಕೆರೆ ನಾಲ್ಕು ಮಾರು ಮುಂದೆ ಬಂದು ಸೌತೆಬಳ್ಳಿಯನ್ನು ನುಂಗಿತು. ಬಳ್ಳಿಯವನು ದಂಡೆಯ ಮೇಲೆ ನಿಂತು ಯಾರನ್ನು ಬಯ್ಯುವುದೆಂದು ತಿಳಿಯದೆ ನನ್ನನ್ನು ನೋಡಿದ. ಅಂಚಿನ ಹೊಸ ಕೆಸರಿಗೆ ಬೆರಳು ಚಾಚಿದೆ. ಚಂಗನೆ ನೆಗೆಯಿತು.