ಇಂಗ್ಲಿಷಿನಲ್ಲಿ ಕ್ಯಾನ್ಸರ್, ಕನ್ನಡದಲ್ಲಿ ಜೀರಿಗೆ ಕಷಾಯ

ನಮ್ಮ ಚಿಕ್ಕಪ್ಪನಿಗೆ 14.2 ಬಂದಿದೆ. ಏನು 14.2 ಅಂತ ಕೇಳಬೇಡಿ, ಅವರಿಗೂ ಗೊತ್ತಿಲ್ಲ. ಲ್ಯಾಬಿನವರು ರಾತ್ರಿ ಹತ್ತೂವರೆಗೆ ವಾಟ್ಸ್ಆ್ಯಪ್‌ನಲ್ಲಿ ಆರು ಪುಟದ ಪಿಡಿಎಫ್ ಕಳಿಸಿದರು. ಎಲ್ಲಾ ಇಂಗ್ಲಿಷ್. ಅದರಲ್ಲಿ ಆರ್‌ಡಿಡಬ್ಲ್ಯೂ ಅನ್ನುವ ಒಂದು ಸಾಲು ಮಾತ್ರ ದಪ್ಪಕ್ಷರ, ಪಕ್ಕದಲ್ಲೊಂದು ನಕ್ಷತ್ರ. 14ರ ಒಳಗಿರಬೇಕಿತ್ತಂತೆ. ಕೆಂಪು ರಕ್ತಕಣಗಳ ಗಾತ್ರದಲ್ಲಿ ಎಷ್ಟು ಹೆಚ್ಚುಕಮ್ಮಿ ಇದೆ ಅಂತ ಹೇಳುವ ಲೆಕ್ಕ ಅದು. ಇಷ್ಟನ್ನು ಕನ್ನಡದಲ್ಲಿ ಬರೆದಿದ್ದರೆ ಇಂಕೇನೂ ಖರ್ಚಾಗುತ್ತಿರಲಿಲ್ಲ, ಪಿಡಿಎಫ್ ಅಲ್ವಾ.

ಚಿಕ್ಕಪ್ಪ ಫೋನ್ ಹಿಡಿದು ಕೂತರು. ಕಾಯಿಲೆಯನ್ನು ಇಂಗ್ಲಿಷಿನಲ್ಲಿ ಹುಡುಕಿದರೆ ಕ್ಯಾನ್ಸರ್ ಬರುತ್ತದೆ, ಕನ್ನಡದಲ್ಲಿ ಹುಡುಕಿದರೆ ಜೀರಿಗೆ ಕಷಾಯ ಬರುತ್ತದೆ. ಅವರು ಎರಡರಲ್ಲೂ ಹುಡುಕಿದರು. ಬೆಳಗಾಗುವ ಹೊತ್ತಿಗೆ ಅವರಿಗೆ ಕ್ಯಾನ್ಸರ್ ಬಂದು, ಕಷಾಯದಲ್ಲಿ ವಾಸಿಯೂ ಆಗಿತ್ತು.

ಫ್ಯಾಮಿಲಿ ಗ್ರೂಪ್ ಸುಮ್ನಿರುತ್ತಾ? 'ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮಿ' ಅನ್ನುವ ಫಾರ್ವರ್ಡ್ ಮಹಾನುಭಾವ ಮತ್ತೆ ಬಂದ. ಇವನು 1999ರಲ್ಲಿ, ಅಮೆರಿಕದ ರೋಚೆಸ್ಟರ್ ಜನರಲ್ ಆಸ್ಪತ್ರೆಯ ಹೆಸರು ಹೇಳಿಕೊಂಡು ಇಮೇಲಿನಲ್ಲಿ ಓಡಾಡುತ್ತಿದ್ದವನು. ಆಸ್ಪತ್ರೆಯವರು 'ಇದು ನಮ್ಮದಲ್ಲ' ಅಂದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಇದನ್ನು ಒಪ್ಪಲಿಲ್ಲ. ಅವನು ಕೇಳಬೇಕಲ್ಲ! ಸಮುದ್ರ ದಾಟಿ ಬಂದು, ಇಲ್ಲಿಯ ನೀರು ಕುಡಿದು, ಅಚ್ಚುಕಟ್ಟಾಗಿ ಕನ್ನಡ ಕಲಿತ. ಲ್ಯಾಬ್ ರಿಪೋರ್ಟ್ ಮಾತ್ರ ಇಲ್ಲೇ ಹುಟ್ಟಿಯೂ ಇನ್ನೂ ಕಲಿತಿಲ್ಲ.

2025ರಲ್ಲಿ ಹಾಸನದಿಂದ ಸಾಲುಸಾಲಾಗಿ ಹಾರ್ಟ್ ಅಟ್ಯಾಕ್ ಸುದ್ದಿ ಬಂದದ್ದು ನೆನಪಿದೆಯಲ್ಲ? ಟೀವಿಯಲ್ಲಿ ಸಾವಿನ ಎಣಿಕೆ, ರೀಲ್ಸ್‌ನಲ್ಲಿ ಹಿನ್ನೆಲೆ ಸಂಗೀತ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಇಸಿಜಿ ಮಾಡಿಸಿಕೊಳ್ಳಲು ಗಟ್ಟಿಮುಟ್ಟಾದವರ ಕ್ಯೂ. ನಿಜವಾಗಿ ಎದೆ ಹಿಡಿದುಕೊಂಡು ಬಂದವನು ಅದರ ಬಾಲದಲ್ಲಿ. ಮುಖ್ಯಮಂತ್ರಿಗಳೇ ಕೋವಿಡ್ ಲಸಿಕೆಯ ಕಡೆ ಬೆರಳು ತೋರಿಸಿದರು. ಆಮೇಲೆ ಜಯದೇವದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ, ಹಾರ್ಟ್ ಅಟ್ಯಾಕ್ ದಿಢೀರಂತ ಏರಿಲ್ಲ ಅಂತ ವರದಿ ಕೊಟ್ಟಿತು. ಪಾಪ, ವರದಿಗೆ ಹಿನ್ನೆಲೆ ಸಂಗೀತ ಇರಲಿಲ್ಲ. ನಮ್ಮ ಗ್ರೂಪಿಗಂತೂ ಬರಲೇ ಇಲ್ಲ.

ಕ್ಲಿನಿಕ್ ಒಂದರಲ್ಲಿ ಬೋರ್ಡ್ ನೋಡಿದೆ: 'ಗೂಗಲ್ ನೋಡಿಕೊಂಡು ಬರಬೇಡಿ'. ಭೇಷ್. 2017ರಲ್ಲಿ ಬಿಎಂಜೆ ಓಪನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ನಮ್ಮ ದೇಶದ ಡಾಕ್ಟರ್ ಒಬ್ಬ ರೋಗಿಗೆ ಕೊಡುವುದು ಸುಮಾರು 2 ನಿಮಿಷ. ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕೂರುವಷ್ಟರಲ್ಲೇ ಅರ್ಧ ಮುಗಿದಿರುತ್ತದೆ. ಜನ ಇನ್ನೆಲ್ಲಿ ಹೋಗಿ ಕೇಳಬೇಕ್ರೀ? ರಿಪೋರ್ಟು ಇಂಗ್ಲಿಷು, ಚೀಟಿ ಇಂಗ್ಲಿಷು, ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷು. ಕನ್ನಡದಲ್ಲಿ ದೊಡ್ಡದಾಗಿ ಬರೆದಿರುವುದು 'ಹಣ ಕಟ್ಟುವ ಸ್ಥಳ' ಒಂದೇ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಪುರುಷೋತ್ತಮ ಬಿಳಿಮಲೆಯವರು, ಸರ್ಕಾರಿ ಡಾಕ್ಟರುಗಳಾದರೂ ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಅಂದಿದ್ದರು. ಆ ಅಕ್ಷರಕ್ಕೆ ಯಾವ ಭಾಷೆಯಾದರೇನು ಅಂತ ನಾವು ಜೋಕ್ ಮಾಡಿದೆವು. ನಾನೂ ನಕ್ಕಿದ್ದೆ. ರಾತ್ರಿಯೆಲ್ಲ ನಿದ್ದೆಗೆಟ್ಟು, ಕಣ್ಣು ಕೆಂಪಾಗಿಸಿಕೊಂಡು, ಒಂದು ನಕ್ಷತ್ರ ಹಿಡಿದು ಕೂತಿದ್ದ ಅರವತ್ತೆಂಟು ವರ್ಷದ ಮನುಷ್ಯನನ್ನು ನೋಡಿದ ಮೇಲೆ ನಗು ಬರುತ್ತಿಲ್ಲ.

ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪಿಡಿಎಫನ್ನು ಬೆರಳಲ್ಲಿ ಮೇಲಕ್ಕೊಮ್ಮೆ ತಳ್ಳಿ, "ಏನಿಲ್ಲ, ನೆಕ್ಸ್ಟ್" ಅಂದರು.

ಆಟೋದಲ್ಲಿ ಚಿಕ್ಕಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕನ್ನಡಕ ಏರಿಸಿ ಫೋನ್ ತೆಗೆದರು.

"ಯಾಕೆ ಚಿಕ್ಕಪ್ಪ, ಏನಿಲ್ಲ ಅಂದ್ರಲ್ಲ?"

"ಅದೇ ಕಣೋ, ಏನಿಲ್ಲ ಅಂದ್ರೆ ಏನು ಅಂತ ನೋಡ್ತಿದೀನಿ."