ಸಿನಾತ್ರಾ ರೆಕಾರ್ಡಿಗೆ ಮೋನೊನೇ ಸರಿ

ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಕ್ಯಾಪಿಟಲ್ ಕಂಪನಿಗೆ ಹಾಡಿದ ಎಲ್‌ಪಿಗಳಲ್ಲಿ ಸ್ಟೀರಿಯೊ (ಎಡ-ಬಲಕ್ಕೆ ಬೇರೆ ಬೇರೆ ಧ್ವನಿ) ಪ್ರತಿಯನ್ನೇ ಹುಡುಕಿ ಅಂತ ಲೇಖನದಲ್ಲಿ ಬರೆದಿದ್ದೀರಿ. ಎಲ್ಲದಕ್ಕೂ ಇದು ಹೊಂದೋದಿಲ್ಲ ಸರ್. 1955ರ 'ಇನ್ ದ ವೀ ಸ್ಮಾಲ್ ಅವರ್ಸ್' ಧ್ವನಿಮುದ್ರಣ ಆಗಿದ್ದೇ ಮೋನೊದಲ್ಲಿ, ಅಂದರೆ ಎರಡೂ ಕಡೆಗೆ ಒಂದೇ ಧ್ವನಿ. ಲಕೋಟೆ ಮೇಲೆ 'ಡ್ಯುಯೊಫೋನಿಕ್' ಅಂತಿದ್ದರೆ ವಾಪಸ್ ಇಟ್ಟುಬಿಡಿ. ಅದು 60ರ ದಶಕದ ಹುಸಿ ಸ್ಟೀರಿಯೊ: ಒಂದು ಕಡೆಗೆ ತಾರ ಸ್ವರ, ಇನ್ನೊಂದು ಕಡೆಗೆ ಮಂದ್ರ, ನಡುವೆ ಕೂದಲೆಳೆಯಷ್ಟು ವಿಳಂಬ. ಹಾಗಾಗಿ ಆಂಪ್ಲಿಫೈಯರಿನ ಮೋನೊ ಗುಂಡಿ ಒತ್ತಿದರೂ ಸರಿಹೋಗಲ್ಲ, ಕಂಠ ಡಬ್ಬಿಯೊಳಗಿಂದ ಬಂದ ಹಾಗೆ ಟೊಳ್ಳಾಗುತ್ತೆ. 1958ರ 'ಓನ್ಲಿ ದ ಲೋನ್ಲಿ' ಸ್ಟೀರಿಯೊ ಏನೋ ಅಸಲಿ. ಆದರೆ ಮೊದಲ ಸ್ಟೀರಿಯೊ ಎಲ್‌ಪಿಯಲ್ಲಿ ಹಾಡು ಹತ್ತೇ, ಮೋನೊದಲ್ಲಿ ಹನ್ನೆರಡು! ನೆಲ್ಸನ್ ರಿಡಲ್ ವಾದ್ಯಸಂಯೋಜನೆಯ ಎರಡು ಹಾಡು ಸುಮ್ಮನೆ ಕಳಕೊಳ್ಳೋದು ಯಾಕೆ? ಹಳೆ ಮೋನೊಗೆ 1 ಮಿಲ್ (ಇಂಚಿನ ಸಾವಿರದಲ್ಲೊಂದು ಭಾಗ) ಸೂಜಿ ಹಾಕಿ, ಕರಕರ ಎಷ್ಟೋ ಇಳಿಯುತ್ತೆ.