ಅಧ್ಯಯನಕ್ಕೆ ಬಂದವರಿಗೆ ಹತ್ತು ಡಾಲರ್: ಕೊಡಬೇಕೇ, ಬೇಡವೇ?

ಮಲಾವಿ ಆಫ್ರಿಕಾದ ಚಿಕ್ಕ, ಬಡ ದೇಶ. ಆದರೆ ಅಲ್ಲಿ ನಡೆಯುವ ಆರೋಗ್ಯ ಅಧ್ಯಯನಗಳು, ಸಮೀಕ್ಷೆಗಳು ಕಡಿಮೆಯೇನಲ್ಲ. ವಿದೇಶದ ವಿಶ್ವವಿದ್ಯಾಲಯ ಎಷ್ಟೇ ದೊಡ್ಡದಿರಲಿ, ಮಲಾವಿಯ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಔಷಧ, ಲಸಿಕೆಯ ವಿಷಯವಾದರೆ ಲಿಲಾಂಗ್ವೆಯ ರಾಷ್ಟ್ರೀಯ ಆರೋಗ್ಯ ವಿಜ್ಞಾನ ಸಂಶೋಧನಾ ಸಮಿತಿಗೋ ಬ್ಲಾಂಟೈರ್‌ನ ಕಾಮ್‌ರೆಕ್ ಎಂಬ ವೈದ್ಯಕೀಯ ಸಂಶೋಧನಾ ಸಮಿತಿಗೋ ಅರ್ಜಿ ಹಾಕಬೇಕು. ಸಮಾಜ ವಿಜ್ಞಾನಕ್ಕೆ ಬೇರೆ ಸಮಿತಿ ಇದೆ. ರಕ್ತ, ಮಾಹಿತಿ ಕೊಡಲು ಅಧ್ಯಯನಕ್ಕೆ ಬಂದವರಿಗೆ ಪ್ರತಿ ಭೇಟಿಗೆ ಸುಮಾರು 10 ಡಾಲರ್ ಕೊಡಿ ಎಂದು ರಾಷ್ಟ್ರೀಯ ಆರೋಗ್ಯ ಸಮಿತಿ ಹೇಳಿತು. ಅದು ಸರಿಯೇ? ಪರವಾಗಿ ಒಬ್ಬರು, ವಿರೋಧವಾಗಿ ಇನ್ನೊಬ್ಬರು ಬರೆದಿದ್ದಾರೆ.

ಪರ: ಎಲ್ಲರಿಗೂ ದುಡ್ಡು, ರಕ್ತ ಕೊಟ್ಟವರಿಗೆ ಮಾತ್ರ ಥ್ಯಾಂಕ್ಸ್

ಬ್ಲಾಂಟೈರ್‌ನಲ್ಲಿ ಒಂದು ಅಧ್ಯಯನದ ಲೆಕ್ಕ ನೋಡಿಕೊಳ್ಳುವ ಕೆಲಸದಲ್ಲಿ ನಾನು ಕೆಲ ಕಾಲ ಇದ್ದೆ. ವಿಜ್ಞಾನ ನನಗೆ ತಿಳಿಯದು. ಬಿಲ್ಲು, ವೋಚರ್ ಗೊತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬಜೆಟ್ ಹಾಳೆಯಲ್ಲಿ ಮೊದಲು ಬರುವುದು ಪ್ರೊಫೆಸರರ ವಿಮಾನ. ಆಮೇಲೆ ಲಿಲಾಂಗ್ವೆಯಲ್ಲಿ ಕಾರ್ಯಾಗಾರ, ಹೋಟೆಲ್ಲು, ದಿನಭತ್ಯೆ. ಲ್ಯಾಂಡ್ ಕ್ರೂಸರಿಗೆ ಡೀಸೆಲ್. ರಕ್ತದ ಮಾದರಿಯನ್ನು ವಿದೇಶಕ್ಕೆ ಕಳಿಸಲು ಡ್ರೈ ಐಸು, ಕೊರಿಯರು. ಚಾಲಕನಿಗೆ ಅಲೋಯನ್ಸ್, ನರ್ಸಿಗೆ ಅಲೋಯನ್ಸ್, ನನಗೂ ಅಲೋಯನ್ಸ್. ಎಲ್ಲಕ್ಕಿಂತ ಕೆಳಗೆ, ಚಿಕ್ಕ ಮೊತ್ತದಲ್ಲಿ, ಅಧ್ಯಯನಕ್ಕೆ ಬರುವವರ ಭೇಟಿ ಹಣ. ದುಡ್ಡು ಸಾಲದೆ ಹೋದಾಗ ಸಭೆಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಕೊನೆಯ ಸಾಲು ಸ್ವಲ್ಪ ಇಳಿಸಬಹುದಾ? ಹೋಟೆಲ್ ಇಳಿಸೋಣ ಎಂದವರನ್ನು ನಾನು ನೋಡಲಿಲ್ಲ.

ದುಡ್ಡು ಕೊಟ್ಟರೆ ಬಡವರು ಆಸೆಗೆ ಬಿದ್ದು ಒಪ್ಪಿಬಿಡುತ್ತಾರೆ ಎನ್ನುತ್ತಾರೆ. ಹಾಗೆ ಹೇಳುವವರೂ ಸಂಬಳ ತೆಗೆದುಕೊಂಡೇ ಹೇಳುತ್ತಾರೆ, ಅಲ್ವಾ? ಅವರ ಒಪ್ಪಿಗೆ ಶುದ್ಧ, ಟೊಮೇಟೊ ಮಾರುವವಳ ಒಪ್ಪಿಗೆ ಕೆಟ್ಟುಹೋದದ್ದು! 2021ರಲ್ಲಿ ಮಲಾವಿ ಸರ್ಕಾರ ಕನಿಷ್ಠ ಕೂಲಿಯನ್ನು ತಿಂಗಳಿಗೆ 50,000 ಕ್ವಾಚಾ ಮಾಡಿತು. ಆಗಿನ ದರದಲ್ಲಿ 65 ಡಾಲರ್ ಆಸುಪಾಸು. ಆ ಲೆಕ್ಕದಲ್ಲಿ 10 ಡಾಲರ್ ಅಂದರೆ ನಾಲ್ಕು ದಿನದ ಕೂಲಿ. ಜಾಸ್ತಿ ಅನ್ನಿಸಬಹುದು. ಆದರೆ ಬೆಳಗ್ಗೆ ಮಿನಿಬಸ್ ಹಿಡಿದು, ಮಗುವನ್ನು ಬೆನ್ನಿಗೆ ಚಿತೇಂಜೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದು, ತೋಳು ಚಾಚಿ ಹೋಗುವುದಕ್ಕೆ ಎಷ್ಟು ಕೊಟ್ಟರೆ ಸರಿ?

ಒಬ್ಬ ಹೆಂಗಸಿನ ವಿಷಯ ಹೇಳಲೇಬೇಕು. ಬ್ಲಾಂಟೈರ್‌ನ ಎನ್‌ಡಿರಾಂಡೆ ಬಡಾವಣೆಯ ಕಡೆಯವಳು. ಸಂತೆಯಲ್ಲಿ ಒಣಮೀನು ಮಾರುತ್ತಿದ್ದಳು. 2022ರ ಮೇ ಕೊನೆಯಲ್ಲಿ ಮಲಾವಿಯ ರಿಸರ್ವ್ ಬ್ಯಾಂಕ್ ಕ್ವಾಚಾದ ಬೆಲೆಯನ್ನು 25 ಶೇಕಡಾ ಇಳಿಸಿತು. ಡಾಲರಿಗೆ 820ರ ಹತ್ತಿರ ಇದ್ದದ್ದು ಒಂದೇ ಏಟಿಗೆ 1,000 ದಾಟಿತು. ನಮ್ಮ ಕಚೇರಿಯಲ್ಲಿ ಭೇಟಿ ಹಣವನ್ನು ಹಳೆಯ ದರದಲ್ಲಿ ಕ್ವಾಚಾದಲ್ಲೇ ನಿಗದಿ ಮಾಡಿಟ್ಟಿದ್ದರು. ಆಕೆ ಬಂದು ನೋಟು ಎಣಿಸಿದಳು. ಮತ್ತೆ ಎಣಿಸಿದಳು. ಆಮೇಲೆ ನನ್ನ ಮೇಜಿನ ಮುಂದೆ ಕೂತು, ಒಪ್ಪಿಗೆ ಪತ್ರದಲ್ಲಿ ಹತ್ತು ಡಾಲರ್ ಅಂತ ಓದಿ ಹೇಳಿದ್ದರಲ್ಲ, ಮೀನಿನ ಬೆಲೆ ಏರಿದೆ, ಬಸ್ ಚಾರ್ಜು ಏರಿದೆ, ನನ್ನ ಹತ್ತು ಡಾಲರ್ ಮಾತ್ರ ಯಾಕೆ ಏರಲಿಲ್ಲ ಎಂದು ಕೇಳಿದಳು. ದುಭಾಷಿ ಹುಡುಗ ನಗುತ್ತಾ ಅನುವಾದಿಸಿದ. ನನಗೆ ನಗು ಬರಲಿಲ್ಲ. ಲೆಕ್ಕ ಸರಿಯಾಗಿತ್ತು. ಸುಮಾರು 2,000 ಕ್ವಾಚಾ ಕಡಿಮೆ. ಮೇಲಿನವರಿಗೆ ಬರೆದೆ. ಬಜೆಟ್ ತಿದ್ದಬೇಕಾದರೆ ಸಮಿತಿಗೆ ಮತ್ತೆ ಅರ್ಜಿ ಹಾಕಬೇಕು, ನೋಡೋಣ ಎಂದರು. ಅದೇ ತಿಂಗಳು ನಮ್ಮ ಭತ್ಯೆ ಹೊಸ ದರದಲ್ಲಿ ಬಂತು, ಅದಕ್ಕೆ ಯಾವ ಅರ್ಜಿಯೂ ಬೇಕಾಗಲಿಲ್ಲ. ಆಕೆ ಮುಂದಿನ ಭೇಟಿಗೂ ಬಂದಳು. ಹಳೆಯ ಮೊತ್ತವನ್ನೇ ತೆಗೆದುಕೊಂಡಳು. ಕ್ಲಿನಿಕ್ಕಿನಲ್ಲಿ ಮಗುವನ್ನು ಚೆನ್ನಾಗಿ ನೋಡುತ್ತಾರೆ, ಅದಕ್ಕೆ ಬರುತ್ತೇನೆ ಎಂದಳು. ಇಂಥವಳನ್ನು ಹಣಕ್ಕೆ ಮರುಳಾದವಳು ಅನ್ನುತ್ತೀರಾ?

ಈ ಅಧ್ಯಯನಗಳ ಫಲ ಅಲ್ಲಿಗೇ ನಿಲ್ಲುವುದಿಲ್ಲ. 2018ರಲ್ಲಿ ಬ್ಲಾಂಟೈರ್‌ನ ಸುಮಾರು 28,000 ಮಕ್ಕಳ ಮೇಲೆ ಟೈಫಾಯ್ಡ್ ಲಸಿಕೆಯ ಪರೀಕ್ಷೆ ಶುರುವಾಯಿತು. ಲಸಿಕೆ ಹೈದರಾಬಾದಿನ ಭಾರತ್ ಬಯೋಟೆಕ್‌ನದು. 80 ಶೇಕಡಾಕ್ಕಿಂತ ಹೆಚ್ಚು ರಕ್ಷಣೆ ಕೊಡುತ್ತದೆ ಎಂದು 2021ರಲ್ಲಿ ತಿಳಿಯಿತು. ಎಚ್‌ಐವಿ ಇರುವವರಿಗೆ ಬೇಗ ಔಷಧ ಕೊಟ್ಟರೆ ಸಂಗಾತಿಗೆ ಸೋಂಕು ತಗಲುವುದು 96 ಶೇಕಡಾ ಇಳಿಯುತ್ತದೆ ಎಂದು 2011ರಲ್ಲಿ ಹೇಳಿದ ಅಧ್ಯಯನದಲ್ಲಿ ಒಂಬತ್ತು ದೇಶಗಳ 1,763 ಜೋಡಿಗಳಿದ್ದವು. ಭಾರತದವರೂ ಇದ್ದರು, ಮಲಾವಿಯವರೂ ಇದ್ದರು. ಇದರಿಂದ ಕಂಪನಿಗೆ ಮಾರುಕಟ್ಟೆ ಸಿಕ್ಕಿತು, ಪ್ರೊಫೆಸರರಿಗೆ ಹೆಸರು ಸಿಕ್ಕಿತು. ತೋಳು ಚಾಚಿದವರಿಗೆ ದುಡ್ಡಿನ ಬದಲು ಒಂದು ಸೋಪು ಸಾಕು ಅನ್ನುವುದು ಯಾವ ನ್ಯಾಯ?

ವಿರೋಧ: ಎಲ್ಲದಕ್ಕೂ ಒಂದೇ ದರ ಬೇಡ

ವಿರೋಧ ಬರೆಯಲು ನನಗೆ ಹೇಳಿದ್ದಾರೆ, ಬರೆಯುತ್ತಿದ್ದೇನೆ. ಬಸ್ ಚಾರ್ಜು, ಊಟ ಕೊಡಬೇಡಿ ಎಂದು ಯಾರೂ ಹೇಳುವುದಿಲ್ಲ. ನಾನೂ ಹೇಳಲಾರೆ. ಕಚೇರಿಯ ಹೋಟೆಲ್ ಬಿಲ್ಲಿನ ಮಾತು ಬೇರೆ, ಅದನ್ನು ಆಡಿಟರ್ ನೋಡಿಕೊಳ್ಳಲಿ.

ಹಣ ಜನರನ್ನು ಕರೆತರುತ್ತದೆ ಎಂಬುದು ನಿಜ. ಅದಕ್ಕೆ ಮಲಾವಿಯಲ್ಲೇ ಪುರಾವೆ ಇದೆ. ಅರ್ಥಶಾಸ್ತ್ರಜ್ಞೆ ರೆಬೆಕಾ ಥಾರ್ನ್‌ಟನ್ 2004ರಲ್ಲಿ ಗ್ರಾಮೀಣ ಮಲಾವಿಯಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡವರಿಗೆ ಚೀಟಿ ಕೊಟ್ಟು ನೋಡಿದರು. ಫಲಿತಾಂಶ ಕೇಳಲು ಬಂದರೆ ಚೀಟಿಗೆ ಹಣ. ಕೆಲವರಿಗೆ ಸೊನ್ನೆ, ಕೆಲವರಿಗೆ ಮೂರು ಡಾಲರಿನವರೆಗೆ. ಏನೂ ಇಲ್ಲದವರಲ್ಲಿ 34 ಶೇಕಡಾ ಮಾತ್ರ ಬಂದರು. ಹಣ ಇದ್ದವರಲ್ಲಿ ಸುಮಾರು ಅದರ ಎರಡರಷ್ಟು. ಒಂದು ದಿನದ ಕೂಲಿಯ ಹತ್ತನೇ ಒಂದು ಭಾಗವೂ ಸಾಕಾಗಿತ್ತು. ಅಷ್ಟರಿಂದಲೇ ಜನ ಬರುವಾಗ ನಾಲ್ಕು ದಿನದ ಕೂಲಿ ಯಾಕೆ? ಇನ್ನೊಂದು ಮಾತು. ಸೋಂಕಿದೆ ಎಂದು ತಿಳಿದವರು ಆಮೇಲೆ ಕೊಂಡ ಕಾಂಡೋಮು, ಸೋಂಕಿದ್ದೂ ಫಲಿತಾಂಶ ತಿಳಿಯದವರಿಗಿಂತ ಸರಾಸರಿ ಎರಡೇ ಹೆಚ್ಚು. ದುಡ್ಡು ಫಲಿತಾಂಶ ಹೇಳುವ ಡೇರೆಯವರೆಗೆ ತಂದಿತು, ಆಮೇಲಿನ ಬದುಕನ್ನು ಹೆಚ್ಚೇನೂ ಬದಲಿಸಲಿಲ್ಲ.

ದಕ್ಷಿಣ ಮಲಾವಿಯಲ್ಲಿ ರಕ್ತ ಹೀರುವವರ ಗುಮಾನಿ ಆಗಾಗ ಏಳುತ್ತದೆ. 2017ರಲ್ಲಿ ಮುಲಾಂಜೆ, ಫಲೊಂಬೆ ಕಡೆ ಹಬ್ಬಿತು. ಗುಂಪು ಹಲ್ಲೆಯಲ್ಲಿ ಜನ ಸತ್ತರು. ವಿಶ್ವಸಂಸ್ಥೆ ತನ್ನ ಸಿಬ್ಬಂದಿಯನ್ನು ಆ ಎರಡು ಜಿಲ್ಲೆಗಳಿಂದ ಹಿಂದಕ್ಕೆ ಕರೆಸಿಕೊಂಡಿತು. ಅದಕ್ಕೆ ಅಧ್ಯಯನಗಳೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಭಯ ಇರುವ ಊರಿಗೆ ಹೋಗಿ ಒಂದು ಸಿರಿಂಜು ರಕ್ತಕ್ಕೆ ದೊಡ್ಡ ನೋಟು ಕೊಟ್ಟರೆ ಪಕ್ಕದ ಮನೆಯವರು ಏನು ಅಂದುಕೊಳ್ಳುತ್ತಾರೆ? ಇಷ್ಟು ದುಡ್ಡು ಕೊಡುತ್ತಿದ್ದಾರೆ ಅಂದರೆ ಆ ರಕ್ತಕ್ಕೆ ಎಷ್ಟು ಬೆಲೆ ಇರಬೇಕು ಅಂದುಕೊಳ್ಳುವುದಿಲ್ಲವೇ?

ಪಟ್ಟಿಗೆ ಬಾರದ ಮನೆಯವರ ಕೋಪ ಇನ್ನೊಂದು ತಾಪತ್ರಯ. ರುಂಫಿ, ಮ್ಚಿಂಜಿ, ಬಲಾಕ ಜಿಲ್ಲೆಗಳಲ್ಲಿ 1998ರಿಂದ ಒಂದೇ ಸಮೀಕ್ಷೆಯವರು ಅವೇ ಕುಟುಂಬಗಳ ಬಳಿ ಮತ್ತೆ ಮತ್ತೆ ಹೋಗುತ್ತಿದ್ದಾರೆ. ಮಾದರಿಯಲ್ಲಿ ಇದ್ದವರಿಗೆ ಉಡುಗೊರೆ, ಬೇಲಿಯಾಚೆಯವರಿಗೆ ಏನಿಲ್ಲ. ಲಾಟರಿಯಲ್ಲಿ ಹೆಸರು ಬಂತು ಎಂದು ಹೇಳಿದರೆ ಅದನ್ನು ಯಾರು ನಂಬುತ್ತಾರೆ?

ನನಗೆ ನಿಜವಾಗಿ ಚಿಂತೆಯಾಗುವುದು ಇದು. ಹತ್ತು ಡಾಲರ್ ದೊಡ್ಡ ವಿದೇಶಿ ಅನುದಾನಕ್ಕೆ ಏನೂ ಅಲ್ಲ. ಜೋಂಬಾದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವ ಮಲಾವಿಯ ಹುಡುಗಿಗೆ? ಇನ್ನೂರು ತಾಯಂದಿರನ್ನು ಎರಡೆರಡು ಸಲ ಮಾತಾಡಿಸಬೇಕು ಅಂದರೆ 4,000 ಡಾಲರ್ ಬೇಕು. ಆಕೆ ಎಲ್ಲಿಂದ ತರುತ್ತಾಳೆ? ನಿಯಮ ಆರೋಗ್ಯ ಅಧ್ಯಯನಕ್ಕೆ ಇರಬಹುದು, ಆದರೆ ದೊಡ್ಡವರ ದರ ಒಮ್ಮೆ ಊರಿಗೆ ಗೊತ್ತಾದರೆ ಸಣ್ಣವರಿಗೂ ಅದೇ ದರ. ಕ್ವಾಚಾ ಬಿದ್ದಷ್ಟೂ ಆಕೆಯ ಖರ್ಚು ಏರುತ್ತದೆ. ಮೀನು ಮಾರುವವಳ ಕತೆ ಓದಿ ನನಗೂ ಬೇಜಾರಾಯಿತು, ಆದರೆ ಡಾಲರಿನಲ್ಲಿ ಬೆಲೆ ಕಟ್ಟಿದ್ದರಿಂದಲೇ ಆ ಜಗಳ ಹುಟ್ಟಿತಲ್ಲವೇ? ಹೋದ ಬಸ್ ಚಾರ್ಜು, ಕಳೆದ ಕೂಲಿ, ಒಂದು ಊಟ, ಇವನ್ನು ಕ್ವಾಚಾದಲ್ಲೇ ಲೆಕ್ಕ ಹಾಕಿ ವರ್ಷಕ್ಕೊಮ್ಮೆ ತಿದ್ದಬಹುದು. ಆ ಹುಡುಗಿಯ ಖರ್ಚಿಗೆ ಯಾರಾದರೂ ದಾರಿ ತೋರಿಸಿದರೆ ನನ್ನ ವಿರೋಧದಲ್ಲಿ ಅರ್ಧ ಹೋಗುತ್ತದೆ. ಉಳಿದ ಅರ್ಧ ಮುಲಾಂಜೆಯ ಕಾರಣಕ್ಕೆ ಇರಲಿ.